ಮೈ ಬಗ್ಗೆ ಮೊದಲ ಪುಟ

ಆಂಧ್ರದ ನಂದವರಂ ಕಡೆಯ ಮದುವೆಗಳಲ್ಲಿ ಎಲೆ ಹಾಕುವ ಮೊದಲೇ ಮಾತು ಬಡಿಸುತ್ತಾರೆ: "ಯಾಕ ತಂಗಿ, ಇಷ್ಟು ಕರ್ರಗಾಗಿಯಲ್ಲ?" ಹತ್ತಿ ಹೊಲದ ಬಿಸಿಲಲ್ಲಿ ನಿಂತವಳು ಕರ್ರಗಾಗದೆ ಇನ್ನೇನಾಗಬೇಕು! ಮನೆಗೆ ಬಂದು ಕನ್ನಡಿ ಮುಂದೆ "ನಾನು ಚೆಂದ ಇದ್ದೀನಿ" ಎಂದುಕೊಂಡರೆ ಮನಸ್ಸು ಒಪ್ಪುವುದಿಲ್ಲ. ಅದರ ಬದಲು ಮೈ ಏನೇನು ಮಾಡುತ್ತದೆ ಎಂದು ಬರೆದು ನೋಡಿ. ಮನೋವಿಜ್ಞಾನಿ ಜೆಸ್ಸಿಕಾ ಅಲೆವಾ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯುವತಿಯರು ಮೂರು ಸಲ ಹೀಗೆ ಬರೆದರು. ತಮ್ಮ ಮೈಯ ಬಗ್ಗೆ ಅವರಿಗಿದ್ದ ಬೇಸರ ತಗ್ಗಿತು.

ಹಂತ 1. ಒಂದು ನೋಟ್‌ಬುಕ್, ಹದಿನೈದು ನಿಮಿಷ. ಕನ್ನಡ, ತೆಲುಗು ಬೆರೆತರೂ ಅಡ್ಡಿಯಿಲ್ಲ. ಬರೆಯಲು ಬಾರದವರು ಫೋನಿನಲ್ಲಿ ಮಾತಾಡಿ ಇಟ್ಟುಕೊಳ್ಳಬಹುದು.

ಹಂತ 2. ಮೊದಲ ಸಲ ಒಂದೇ ಕೆಲಸ ಹಿಡಿಯಿರಿ, ಬಿಡಿಸಿ ಬರೆಯಿರಿ. "ನನ್ನ ಕೈ ಒಳ್ಳೆಯದು" ಎಂದರೆ ಏನೂ ಹೇಳಿದಂತಾಗಲಿಲ್ಲ. ಜೋಳದ ರೊಟ್ಟಿಯನ್ನೇ ತೆಗೆದುಕೊಳ್ಳಿ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಬಿಸಿನೀರಲ್ಲಿ ನಾದಿ, ಬಡಿಯುತ್ತಲೇ ತಿರುಗಿಸಬೇಕು. ಬಲಗೈ ಬಡಿಯುವಾಗ ಎಡಗೈ ಅಂಚು ಕಾಯುತ್ತದೆ. ಅಂಚು ಸೀಳುವುದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಇಷ್ಟನ್ನೂ ಬರೆಯಿರಿ. ಪಕ್ಕದ ಎಮ್ಮಿಗನೂರಿನ ನೇಕಾರರಾದರೆ ಮಗ್ಗದ ಬಗ್ಗೆ ಬರೆಯಿರಿ: ಗುಣಿಯೊಳಗೆ ಕಾಲು ತುಳಿಯುತ್ತದೆ, ಮೇಲೆ ಕೈ ಲಾಳಿ ಓಡಿಸುತ್ತದೆ, ಕಣ್ಣು ಹರಿದ ಎಳೆ ಹುಡುಕುತ್ತದೆ. ಅಲ್ಲಿ ಮಾಚಾನಿ ಸೋಮಪ್ಪನವರು 1938ರಲ್ಲಿ ಕಟ್ಟಿದ ನೇಕಾರರ ಸಹಕಾರ ಸಂಘ ನಿಂತದ್ದು ಇಂಥ ಕೈಕಾಲುಗಳ ಮೇಲೆಯೇ.

ಹಂತ 3. ಎರಡನೇ ಸಲ ದುಡಿಮೆಯ ಮಾತೇ ಬೇಡ. ಮೈ ಏನು ಮಾಡಬಲ್ಲದು ಎಂದ ಕೂಡಲೇ ನಮ್ಮವರು ಕೂಲಿ ಲೆಕ್ಕ ತೆಗೆಯುತ್ತಾರೆ. ಹೆಣ್ಣಿನ ಮೈಯನ್ನು ಎತ್ತಿನಂತೆ ಹೊಗಳುವುದು ಬೇರೆ, ಮೆಚ್ಚುವುದು ಬೇರೆ. ಹತ್ತಿಕಾಯಿಯ ಒಣ ಚೂಪು ಗೀರಿದ ಬೆರಳು ತಾನೇ ಮಾಯ್ದದ್ದು, ಭಜನೆಯಲ್ಲಿ ದನಿ ಕೂಡಿದ್ದು, ಮಗು ಹೆಗಲ ಮೇಲೆ ನಿದ್ದೆ ಹೋದದ್ದು, ಗೆಳತಿಯ ಜೊತೆ ಹೊಟ್ಟೆ ಹಿಡಿದು ನಕ್ಕದ್ದು ಇವೆಲ್ಲ ಮೈ ಮಾಡಿದ್ದೇ. ಮೂರನೇ ಸಲಕ್ಕೆ ಇವುಗಳಲ್ಲಿ ನಿಮಗೆ ಇಷ್ಟವಾದದ್ದನ್ನು ಬರೆಯಿರಿ.

ಹಂತ 4. ಮೈ ಕೈಕೊಟ್ಟ ದಿನ ಬಲವಂತದ ಮೆಚ್ಚುಗೆ ಬೇಡ. ಮುಟ್ಟು, ಬಾಣಂತನ, ಅಂಗವೈಕಲ್ಯ, ಸೊಂಟನೋವು ಏನೇ ಇರಲಿ, ಇವತ್ತು ಆಗಿದ್ದಷ್ಟನ್ನೇ ಬರೆಯಿರಿ; ಏನೂ ಹೊಳೆಯದಿದ್ದರೆ ನೋಟ್‌ಬುಕ್ ಮುಚ್ಚಿಡಿ. ಸದಾ ಸುಸ್ತಾದರೆ ಅದು ಸೋಮಾರಿತನವಲ್ಲ, ರಕ್ತಹೀನತೆ ಇದ್ದೀತು. ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ನೋಡಿಸಿ. ತೆಳ್ಳಗಾಗಲು ಊಟ ಬಿಡುವುದು, ತಿಂದದ್ದನ್ನು ವಾಂತಿ ಮಾಡುವುದು ಶುರುವಾಗಿದ್ದರೆ ಬರವಣಿಗೆಯನ್ನು ನಂಬಿ ಕೂರಬೇಡಿ. ವೈದ್ಯರನ್ನು ಕಾಣಿ; ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಉಚಿತ.

ಹಂತ 5. ಮುಂದಿನ ಮದುವೆಗೆ ಒಂದು ಉತ್ತರ ಸಿದ್ಧವಿರಲಿ. "ಹೂಂ ದೊಡ್ಡವ್ವ, ಹತ್ತಿ ಬಿಡಿಸಾಕ ಹೋಗಿದ್ದೆ. ನಿಮ್ಮ ಮೊಣಕಾಲು ನೋವು ಹ್ಯಾಂಗದ?" ದೊಡ್ಡವ್ವ ಮೊಣಕಾಲಿನ ಕಥೆ ಶುರು ಮಾಡಿದರೆ ಊಟ ಮುಗಿಯುವವರೆಗೂ ನಿಲ್ಲಿಸುವುದಿಲ್ಲ, ನಿಮ್ಮ ಬಣ್ಣದ ಸುದ್ದಿಗೆ ಪುರುಸೊತ್ತೂ ಸಿಗುವುದಿಲ್ಲ.