ಉಪಕಾರದ ಅಧ್ಯಯನಕ್ಕೆ ಶಿಷ್ಯವೇತನ

ಮಾಡಿದ ಉಪಕಾರವು ಫಲಿಸಿತೇ ಎಂಬುದು ಅರ್ಥಶಾಸ್ತ್ರದ ಪ್ರಶ್ನೆಯೂ ಹೌದು. ಡಾ. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯು ಇಂತಹ ಪ್ರಶ್ನೆಗಳಿಗೆ ನೆಲೆ. ಅಲ್ಲಿ ಡಾಕ್ಟರೇಟ್ ಸಂಶೋಧಕರಿಗೆ ಶಿಷ್ಯವೇತನವುಂಟು. 1969ರಲ್ಲಿ ಹುಟ್ಟಿದ ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿಯೂ ಅಂತಹ ನೆರವು ನೀಡುತ್ತ ಬಂದಿದೆ.

ಇದರ ಅಗತ್ಯವನ್ನು ಮೂಡಿಗೆರೆ, ಕಳಸದ ಕಾಫಿತೋಟಗಳಲ್ಲಿ ಕಾಣಬಹುದು. 1951ರ ತೋಟ ಕಾರ್ಮಿಕರ ಕಾಯಿದೆಯು ದೊಡ್ಡ ತೋಟಗಳಲ್ಲಿ ವಸತಿ, ಶಿಶುಪಾಲನೆಗಳನ್ನು ಕಡ್ಡಾಯಗೊಳಿಸಿತು. ಅದರಿಂದ ಕೂಲಿಯವರ ಮಕ್ಕಳ ಓದು ಎಷ್ಟು ಮುಂದುವರಿಯಿತು? ಶಾಲಾಕೊಠಡಿಗೆ ದೊರೆಯುವಷ್ಟು ಸುಲಭವಾಗಿ ಈ ಶೋಧನೆಗೆ ದಾನಿಗಳು ದೊರೆಯರು. ಒಂದು ಭೇಟಿಯೂ ಸಾಲದು. ಅರೇಬಿಕಾ ಕೊಯ್ಲು ನವೆಂಬರಿನ ಸುಮಾರಿಗೆ, ರೊಬಸ್ಟಾ ಜನವರಿಯ ಸುಮಾರಿಗೆ ತೊಡಗುತ್ತದೆ; ಕೊಯ್ಲಿಗೆ ಬಂದ ಪರಊರಿನ ಕುಟುಂಬಗಳು ಮುಗಿದೊಡನೆ ಹಿಂದಿರುಗುತ್ತವೆ. ಆ ಮಕ್ಕಳನ್ನು ಎರಡು ಮೂರು ಕೊಯ್ಲುಗಳವರೆಗೆ ಗಮನಿಸಬೇಕಾದ ಬಡ ಸಂಶೋಧಕನ ಊಟ, ಬಾಡಿಗೆ, ಬಸ್ಸಿನ ವೆಚ್ಚಗಳನ್ನು ಶಿಷ್ಯವೇತನವೇ ಹೊರಬೇಕು.