ಸೂರ್ಯನ ಪರಿವಾರ

ಮಕ್ಕಳೇ, ಸೂರ್ಯನನ್ನು ಸುತ್ತುವ ಗ್ರಹಗಳು ಎಂಟು: ಬುಧ, ಶುಕ್ರ, ಭೂಮಿ, ಮಂಗಳ, ಗುರು, ಶನಿ, ಯುರೇನಸ್ ಮತ್ತು ನೆಪ್ಚೂನ್. ನಿಮ್ಮ ತಂದೆತಾಯಿಯರು ಶಾಲೆಯಲ್ಲಿ ಒಂಬತ್ತೆಂದು ಕಲಿತಿರಬಹುದು. 1930ರಲ್ಲಿ ಪತ್ತೆಯಾದ ಪ್ಲೂಟೊವನ್ನು ಅಂದು ಗ್ರಹವೆಂದೇ ಎಣಿಸಲಾಗಿತ್ತು. ಅದರ ಆಸುಪಾಸಿನಲ್ಲಿ ಅಂತಹುದೇ ಅನೇಕ ಕಾಯಗಳು ಗೋಚರಿಸಿದ ಮೇಲೆ, 2006ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಅದನ್ನು ಕುಬ್ಜಗ್ರಹವೆಂದು ವರ್ಗೀಕರಿಸಿತು. ಪ್ಲೂಟೊ ಇದ್ದಂತೆಯೇ ಇದೆ; ನಮ್ಮ ತಿಳಿವಳಿಕೆ ಬೆಳೆದಿದೆ.

ಮಂಗಳ ಮತ್ತು ಗುರು ಗ್ರಹಗಳ ನಡುವೆ 1801ರಲ್ಲಿ ಕಂಡುಬಂದ ಸೀರಿಸ್ ಕೂಡ ಕುಬ್ಜಗ್ರಹವೇ. ಆ ವಲಯದಲ್ಲಿ ಲಕ್ಷಾಂತರ ಕ್ಷುದ್ರಗ್ರಹಗಳು ಸಂಚರಿಸುತ್ತಿವೆ.

ಧೂಮಕೇತುಗಳೂ ಸೂರ್ಯನನ್ನೇ ಸುತ್ತುತ್ತವೆ. ಅವುಗಳ ಆಗಮನವನ್ನು ಅಪಶಕುನವೆಂದು ಕೆಲವರು ಭಾವಿಸುವುದುಂಟು. ಆದರೆ 1986ರಲ್ಲಿ ಬಂದುಹೋದ ಹ್ಯಾಲಿ ಧೂಮಕೇತು 2061ರಲ್ಲಿ ಮರಳುವುದೆಂದು ಗಣಿತವೇ ತಿಳಿಸುತ್ತದೆ. ಲೆಕ್ಕಕ್ಕೆ ಸಿಗುವ ಅತಿಥಿಗೆ ಅಂಜುವುದೇಕೆ?