ಒಂದು ಉದ್ಧರಣೆ ಹಾಲು ಸಾಕು

ದೊಡ್ಡಬಳ್ಳಾಪುರದ ಘಾಟಿ ಸುಬ್ರಹ್ಮಣ್ಯಕ್ಕೆ ಹೋದಾಗ ಕೈಮುಗಿದು ತಟಕ್ಕನೆ ಹೊರಬೀಳಬೇಡಿ. ಗರ್ಭಗುಡಿಯ ಕನ್ನಡಿಯತ್ತ ಒಮ್ಮೆ ಕಣ್ಣು ಹಾಯಿಸಿ. ಒಂದೇ ಶಿಲೆಯಲ್ಲಿ ಪೂರ್ವಕ್ಕೆ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ನರಸಿಂಹ. ಬೆನ್ನ ಹಿಂದಿನ ದೇವರು ನಮಗೆ ಕಾಣುವುದು ಆ ಕನ್ನಡಿಯಲ್ಲೇ.

ಹೊರಗೆ ಅರಿಶಿನ ಮೆತ್ತಿದ ನಾಗರಕಲ್ಲುಗಳ ಸಾಲು. ಹಾಲಿನ ಪ್ಯಾಕೆಟ್ಟಿನ ಮೂಲೆ ಹರಿದು ಪೂರ್ತಿ ಸುರಿದುಬಿಡುತ್ತೇವೆ. ಅರೆಗಳಿಗೆಯಲ್ಲಿ ಇರುವೆ ಮುತ್ತುತ್ತದೆ. ನಿಜವಾದ ಹಾವಿಗಂತೂ ಹಾಲು ಆಹಾರವೇ ಅಲ್ಲ. ಇಲಿ, ಕಪ್ಪೆ ಅದರ ಊಟ. ಹರಕೆಗೆ ಒಂದು ಉದ್ಧರಣೆ ಸಾಕು. ಮಿಕ್ಕಿದ್ದು ಯಾವುದಾದರೂ ಮಗುವಿನ ಲೋಟಕ್ಕೆ ಹೋಗಲಿ, ಖಾಲಿ ಪ್ಯಾಕೆಟ್ಟು ನಿಮ್ಮ ಚೀಲಕ್ಕೆ.

ಪುಷ್ಯ ಶುದ್ಧ ಷಷ್ಠಿಯ ತೇರಿಗೆ ಬರುವುದಾದರೆ ಬೆಳಿಗ್ಗೆ ಬೇಗ ಹೊರಡಿ. ನೂಕುನುಗ್ಗಲಲ್ಲಿ ಹಣ್ಣು ಎಸೆಯುವ ಉತ್ಸಾಹಕ್ಕೆ ಮಕ್ಕಳ ಕೈ ಬಿಟ್ಟೀರಿ, ಜೋಕೆ!